ಇಲ್ಲಿ ‘ಸ್ಟ್ರೋಮಾ’ ಅಂದರೆ ಯಾವುದು? ಅರ್ಥ ಹಿಡಿಯುವ ಬಗೆ

ಗ್ರೀಕ್ ಭಾಷೆಯಲ್ಲಿ ಸ್ಟ್ರೋಮಾ ಎಂದರೆ ಹಾಸಿಗೆ. ಜೀವವಿಜ್ಞಾನದವರು ಈ ಹಾಸಿಗೆಯನ್ನು ಸಿಕ್ಕ ಸಿಕ್ಕ ಕಡೆಯೆಲ್ಲ ಹಾಸಿದ್ದಾರೆ. ಬಯಾಪ್ಸಿ ವರದಿಯ ಸ್ಟ್ರೋಮಾ ಒಂದು ಅಂಗಾಂಶ, ಎಲೆಯ ಕೋಶಗಳಲ್ಲಿ ಆಹಾರ ತಯಾರಿಸುವ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನ ಸ್ಟ್ರೋಮಾ ಒಂದು ದ್ರವ, ಶಿಲೀಂಧ್ರದ ಸ್ಟ್ರೋಮಾ ಕೈಯಲ್ಲಿ ಹಿಡಿದು ಚಾಕುವಿನಿಂದ ಕತ್ತರಿಸಬಹುದಾದ ಗಟ್ಟಿ ಮುದ್ದೆ. ನಿಘಂಟಿನ ಮೊದಲ ಅರ್ಥವನ್ನೇ ಎಲ್ಲ ಕಡೆ ಅಂಟಿಸಿದರೆ ಎಡವುವುದು ಖಚಿತ. ಪದ ಎದುರಾದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಹಾಸಿಗೆಯ ಮೇಲೆ ಮಲಗಿರುವುದು ಯಾರು? ಗ್ರಂಥಿಯ ಕೋಶಗಳೇ, ಕ್ಲೋರೋಪ್ಲಾಸ್ಟಿನೊಳಗಿನ ಥೈಲಕಾಯ್ಡ್ ಪೊರೆಗಳೇ, ಬೀಜಕ ತುಂಬಿದ ಕುಡಿಕೆಗಳೇ? ಉತ್ತರ ಸಿಕ್ಕರೆ ಅರ್ಥವೂ ಸಿಕ್ಕಿತು.

ಅದಕ್ಕೂ ಮೊದಲು ಅಕ್ಷರ ಸರಿಯಾಗಿ ಓದಿ. ಒಂದು ರಕಾರದ ಒತ್ತು ಬಿಟ್ಟರೆ ‘ಸ್ಟೋಮಾ’ ಆಗುತ್ತದೆ. ಅದರ ಅರ್ಥ ಬಾಯಿ. ಎಲೆಯ ಪತ್ರರಂಧ್ರವೂ ಸ್ಟೋಮಾ, ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಮೇಲೆ ಮಾಡುವ ತೆರಪೂ ಸ್ಟೋಮಾ. ಓಕಾರ ಊಕಾರವಾದರೆ ‘ಸ್ಟ್ರೂಮಾ’, ಅಂದರೆ ಗಳಗಂಡ. ಅಂಡಾಶಯದ ವರದಿಯಲ್ಲಿ ‘ಸ್ಟ್ರೂಮಾ ಓವೇರಿಯೈ’ ಎಂದಿದ್ದರೆ ಅದು ಅಂಡಾಶಯದ ಆಧಾರ ಅಂಗಾಂಶದ ಮಾತಲ್ಲ. ಬಹುಪಾಲು ಥೈರಾಯ್ಡ್ ಅಂಗಾಂಶದಿಂದಲೇ ಆದ ಟೆರಟೋಮಾ (ಬೇರೆ ಬೇರೆ ಬಗೆಯ ಅಂಗಾಂಶ ಬೆಳೆಯುವ) ಗೆಡ್ಡೆಯ ಹೆಸರು ಅದು. ಕೈಬರಹದಲ್ಲಿ ಬರೆದುಕೊಂಡ ಟಿಪ್ಪಣಿಯಲ್ಲಿ ಈ ಮೂರೂ ಒಂದರಂತೆಯೇ ಕಾಣುತ್ತವೆ.

ಅಂಗಗಳ ಸ್ಟ್ರೋಮಾ

ಅಂಗದ ಕಸುಬು ಮಾಡುವ ಕೋಶಗಳಿಗೆ ಪೇರೆಂಕೈಮಾ ಎಂದೂ ಅವನ್ನು ಹೊತ್ತ ಹಂದರಕ್ಕೆ ಸ್ಟ್ರೋಮಾ ಎಂದೂ ಹೆಸರು. ಈ ಹಂದರದಲ್ಲಿ ಕೊಲಾಜೆನ್ ನಾರು, ಅದನ್ನು ನೇಯುವ ಫೈಬ್ರೋಬ್ಲಾಸ್ಟ್‌ಗಳು, ರಕ್ತನಾಳ, ನರ ಎಲ್ಲ ಇರುತ್ತವೆ.

ಸ್ಲೈಡಿನಲ್ಲಿ ಗುರುತಿಸುವುದು ಹೀಗೆ. 10% ಫಾರ್ಮಲಿನ್‌ನಲ್ಲಿ ಇಟ್ಟು, 3ರಿಂದ 5 ಮೈಕ್ರೋಮೀಟರ್ ದಪ್ಪಕ್ಕೆ ಕೊಯ್ದು, ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಕೊಟ್ಟ ಸ್ಲೈಡನ್ನು ಮೊದಲು 4x ಆಬ್ಜೆಕ್ಟಿವ್‌ನಲ್ಲೇ ನೋಡಿ. ನೇರವಾಗಿ 40xಗೆ ಹೋದರೆ ಮರ ಕಾಣುತ್ತದೆ, ಕಾಡು ಕಾಣುವುದಿಲ್ಲ. ನೀಲಿ ಕೋಶಕೇಂದ್ರಗಳು ಉಂಗುರದಂತೆ ಸಾಲುಗಟ್ಟಿ ನಿಂತ ಜಾಗ ಗ್ರಂಥಿ. ಅವುಗಳ ನಡುವೆ ಅಲೆಅಲೆಯಾಗಿ ಹರಡಿದ ಗುಲಾಬಿ ಭಾಗ ಸ್ಟ್ರೋಮಾ. ಗ್ರಂಥಿಯ ಸುತ್ತ ಬಿಳಿ ಬಿರುಕು ಕಂಡರೆ ರಕ್ತನಾಳ ಎಂದು ಬರೆಯಲು ಹೋಗಬೇಡಿ. ಅಂಗಾಂಶ ತಯಾರಿಕೆಯಲ್ಲಿ ಸಂಕುಚಿಸಿ ಬಿಟ್ಟುಕೊಂಡ ಸಂದು ಅದು. ರಕ್ತನಾಳವಾಗಿದ್ದರೆ ಒಳಗೋಡೆಗೆ ಚಪ್ಪಟೆ ಕೋಶಗಳ ಅಸ್ತರಿ ಇರಲೇಬೇಕು.

ಗುಲಾಬಿಯಾಗಿ ಕಂಡದ್ದೆಲ್ಲ ಕೊಲಾಜೆನ್ ಅಲ್ಲ, ನುಣುಪು ಸ್ನಾಯುವೂ ಗುಲಾಬಿಯೇ. ಪ್ರಾಸ್ಟೇಟ್‌ನಲ್ಲಂತೂ ಆ ಸ್ನಾಯು ಸ್ಟ್ರೋಮಾದ ಭಾಗವೇ ಆಗಿದೆ. ಅನುಮಾನವಿದ್ದರೆ ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿಸಬೇಕು: ಕೊಲಾಜೆನ್ ನೀಲಿ ಅಥವಾ ಹಸಿರು, ಸ್ನಾಯು ಕೆಂಪು. ಅಂಡಾಶಯದಲ್ಲಿ ಇನ್ನೊಂದು ಮೋಸ ಕಾದಿದೆ. ಅಲ್ಲಿನ ಸ್ಟ್ರೋಮಾದಲ್ಲಿ ಕದಿರಿನಾಕಾರದ ಕೋಶಗಳು ಒತ್ತೊತ್ತಾಗಿ ಸುಳಿಸುಳಿಯಾಗಿ ಇರುವುದರಿಂದ ಅದು ಗುಲಾಬಿಗಿಂತ ನೀಲಿಯಾಗಿಯೇ ಕಾಣುತ್ತದೆ. ಆ ಕೋಶಗಳಲ್ಲಿ ಕೆಲವು ಹಾರ್ಮೋನನ್ನೂ ತಯಾರಿಸುತ್ತವೆ, ಬರೀ ಕಂಬ ಹಿಡಿದು ನಿಂತಿಲ್ಲ.

ವರದಿಯ ಪದಗಳನ್ನು ಓದುವಾಗ: ‘ಸ್ಟ್ರೋಮಲ್ ಇನ್ವೇಷನ್’ ಎಂದರೆ ಗೆಡ್ಡೆಯ ಕೋಶಗಳು ತಳಪೊರೆ ದಾಟಿ ಹಂದರದೊಳಗೆ ಇಳಿದಿವೆ. ‘ಡೆಸ್ಮೋಪ್ಲಾಸ್ಟಿಕ್ ಸ್ಟ್ರೋಮಾ’ ಎಂದರೆ ಗೆಡ್ಡೆಯ ಸುತ್ತ ಹೊಸದಾಗಿ ಗಟ್ಟಿ ನಾರು ಬೆಳೆದಿದೆ. ‘ಸ್ಟ್ರೋಮಲ್ ಟ್ಯೂಮರ್’ ಬೇರೆಯೇ ಸಂಗತಿ: ಅಲ್ಲಿ ಗೆಡ್ಡೆ ಹುಟ್ಟಿರುವುದು ಹಂದರದ ಕಡೆಯ ಕೋಶಗಳಿಂದ. ಸ್ತನ ಕ್ಯಾನ್ಸರ್ ವರದಿಯಲ್ಲಿ ‘ಸ್ಟ್ರೋಮಲ್ ಟಿಐಎಲ್ 30%’ (ಟಿಐಎಲ್ ಎಂದರೆ ಗೆಡ್ಡೆಯೊಳಗೆ ನುಗ್ಗಿದ ರೋಗನಿರೋಧಕ ಕೋಶಗಳು) ಎಂದಿದ್ದರೆ ನೂರು ಕೋಶಗಳಲ್ಲಿ ಮೂವತ್ತು ಎಂದು ಲೆಕ್ಕ ಹಾಕಬೇಡಿ. ಗೆಡ್ಡೆಯ ಎಲ್ಲೆಯೊಳಗಿನ ಸ್ಟ್ರೋಮಾದ ಜಾಗದಲ್ಲಿ ಶೇ. 30ರಷ್ಟನ್ನು ರೋಗನಿರೋಧಕ ಕೋಶಗಳು ಆವರಿಸಿವೆ ಎಂದರ್ಥ. ಇವುಗಳಿಂದ ಚಿಕಿತ್ಸೆಗೆ ಏನು ವ್ಯತ್ಯಾಸ ಎಂಬುದನ್ನು ವೈದ್ಯರನ್ನೇ ಕೇಳಬೇಕು.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್, ಅದರಲ್ಲಿ ಶೇ. 90ರಷ್ಟು ಸ್ಟ್ರೋಮಾ. ದೃಷ್ಟಿದೋಷ ಸರಿಪಡಿಸುವ ಲಾಸಿಕ್ ಶಸ್ತ್ರಚಿಕಿತ್ಸೆಯಲ್ಲಿ ಲೇಸರ್ ತೆಳುವಾಗಿ ಸವೆಸುವುದು ಈ ಪದರವನ್ನೇ.

ಕ್ಲೋರೋಪ್ಲಾಸ್ಟ್‌ನಲ್ಲಿ

ಇಲ್ಲಿ ಅಂಗಾಂಶದ ಮಾತೇ ಇಲ್ಲ. ಥೈಲಕಾಯ್ಡ್ ಪೊರೆಗಳು ಮುಳುಗಿರುವ ದ್ರವವೇ ಸ್ಟ್ರೋಮಾ. ರುಬಿಸ್ಕೋ ಕಿಣ್ವ, ಕ್ಲೋರೋಪ್ಲಾಸ್ಟಿನ ಸ್ವಂತ ಡಿಎನ್‌ಎ, ರೈಬೋಸೋಮ್, ಪಿಷ್ಟದ ಕಾಳು ಇರುವುದೂ ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಕಟ್ಟುವ ಕ್ಯಾಲ್ವಿನ್ ಚಕ್ರ ನಡೆಯುವುದೂ ಇಲ್ಲೇ. ಪರೀಕ್ಷೆಯಲ್ಲಿ ಅಂಕ ಹೋಗುವುದು ಬಹಳಮಟ್ಟಿಗೆ ‘ಸ್ಟ್ರೋಮಾ ಲಮೆಲ್ಲಾ’ ಎಂಬಲ್ಲಿ. ಅದು ದ್ರವವಲ್ಲ, ಒಂದು ಗ್ರಾನಾದಿಂದ (ಥೈಲಕಾಯ್ಡ್‌ಗಳ ಅಟ್ಟಿಯಿಂದ) ಇನ್ನೊಂದಕ್ಕೆ ಸ್ಟ್ರೋಮಾದ ಮೂಲಕ ಹಾಯುವ ಪೊರೆ.

ಶಿಲೀಂಧ್ರದ ಸ್ಟ್ರೋಮಾ: ಕತ್ತರಿಸಿ ನೋಡುವ ಕ್ರಮ

ಈ ಮೂರರಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣುವ ಸ್ಟ್ರೋಮಾ ಇದು, ಹಾಗಾಗಿ ಕಲಿಯಲು ಇದೇ ಒಳ್ಳೆಯದು. ಶಿಲೀಂಧ್ರದ ಎಳೆಗಳು ಒತ್ತಾಗಿ ಹೆಣೆದುಕೊಂಡ ಮುದ್ದೆ ಇದು. ಬೀಜಕ ಬಿಡುವ ಕುಡಿಕೆಗಳು ಇದರಲ್ಲೇ ಹುದುಗಿರುತ್ತವೆ.

ಮಳೆಗಾಲದಲ್ಲಿ ಒಣ ಮರದ ಕೊರಡುಗಳನ್ನು ಹುಡುಕಿ. 2ರಿಂದ 5 ಸೆಂ.ಮೀ. ಅಗಲದ, ಇದ್ದಿಲಿನ ಉಂಡೆಯಂತಹ ಡಾಲ್ಡಿನಿಯಾ ಎಂಬ ಶಿಲೀಂಧ್ರ ಸಿಗುತ್ತದೆ. ಸುತ್ತಲಿನ ತೊಗಟೆಯ ಮೇಲೆ ಮಸಿ ಉದುರಿರುವ ಉಂಡೆಯನ್ನೇ ಆರಿಸಿ, ಅದು ಬಲಿತದ್ದು. ಮೇಲಿಂದ ಬುಡದವರೆಗೆ ನೇರವಾಗಿ ಸೀಳಿ. ಈರುಳ್ಳಿ ಕೊಯ್ದಂತೆ ಕಪ್ಪು, ಬೂದು ಬಳೆಗಳು ಒಂದರೊಳಗೊಂದು ಕಾಣುತ್ತವೆ. ಈಗ 10x ಲೆನ್ಸ್ ಹಿಡಿದು ಹೊರಅಂಚನ್ನು ಮಾತ್ರ ನೋಡಿ. ಸಿಪ್ಪೆಯ ಕೆಳಗೆ ಒಂದೇ ಸಾಲಿನಲ್ಲಿ ಪುಟ್ಟ ಕಪ್ಪು ಕುಡಿಕೆಗಳಿರುತ್ತವೆ. ಅವು ಪೆರಿಥೀಸಿಯಾ. ಕುಡಿಕೆ ಕಾಣದಿದ್ದರೆ ಉಂಡೆ ಇನ್ನೂ ಎಳೆಯದು, ಅದರಿಂದ ಪ್ರಭೇದ ಹೇಳಲು ಹೊರಡಬೇಡಿ.

ಹಸಿ ಉಂಡೆಯ ಅರ್ಧವನ್ನು ಬಿಳಿ ಕಾಗದದ ಮೇಲಿಟ್ಟು ಪಾತ್ರೆ ಮುಚ್ಚಿ ರಾತ್ರಿ ಬಿಡಿ. ಡಾಲ್ಡಿನಿಯಾ ಬೀಜಕಗಳನ್ನು ಚಿಮ್ಮುವುದು ರಾತ್ರಿ ಹೊತ್ತೇ. ಬೆಳಗ್ಗೆ ಸುತ್ತ ಕಪ್ಪು ಪುಡಿಯ ಅಂಚು ಬಿದ್ದಿರುತ್ತದೆ. ಏನೂ ಬೀಳಲಿಲ್ಲವೆಂದರೆ ಹಳೆಯ ಉಂಡೆ, ಕುಡಿಕೆಗಳು ಆಗಲೇ ಬರಿದಾಗಿವೆ. ಪುಡಿಯನ್ನು ಒಂದು ಹನಿ ನೀರಿನಲ್ಲಿ 40x ಆಬ್ಜೆಕ್ಟಿವ್‌ನಡಿ ಇಟ್ಟರೆ ಒಂದು ಬದಿ ಚಪ್ಪಟೆಯಾದ ಕಂದು ಬೀಜಕಗಳು ಕಾಣುತ್ತವೆ, ಉದ್ದಕ್ಕೂ ಒಂದು ಸೀಳುಗೆರೆ.

ಬಣ್ಣದ ಪರೀಕ್ಷೆಗೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು. 80 ಮಿ.ಲೀ. ನೀರಿಗೆ 10 ಗ್ರಾಂ ಅನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ, ತಣಿದ ಮೇಲೆ 100 ಮಿ.ಲೀ.ಗೆ ತನ್ನಿ. ಬಿಲ್ಲೆಗಳ ಮೇಲೆ ನೀರು ಸುರಿಯಬೇಡಿ, ಕುದಿದು ಸಿಡಿಯುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಬಿಳಿ ಟೈಲಿನ ಮೇಲೆ ಒಂದು ಹನಿ ಬಿಟ್ಟು ಉಂಡೆಯ ಹೊರಸಿಪ್ಪೆಯ ಚೂರನ್ನು ಅದರಲ್ಲಿಡಿ. ಡಾಲ್ಡಿನಿಯಾ ಎಶ್‌ಶೋಲ್ಟ್ಸಿಯೈ ಎಂಬ ಪ್ರಭೇದವಾದರೆ ನೇರಳೆ ಛಾಯೆ ಬಿಡುತ್ತದೆ. ಒಳಗಿನ ಬಳೆಗಳ ಚೂರು ಹಾಕಿದರೆ ಫಲಿತಾಂಶ ನಂಬುವಂತಿಲ್ಲ, ಬಣ್ಣದ ಕಣಗಳಿರುವುದು ಸಿಪ್ಪೆಯಡಿಯಲ್ಲೇ. ದ್ರಾವಣ ಹಳತಾದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸಪ್ಪಗಾಗುತ್ತದೆ, ಆದ್ದರಿಂದ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಬೆರಳಿನಂತೆ ನಿಂತ, ಹೊರಗೆ ಕಪ್ಪು ಒಳಗೆ ಬಿಳಿ ಇರುವ ಕ್ಸೈಲೇರಿಯಾ ಎಂಬ ಇನ್ನೊಂದು ಶಿಲೀಂಧ್ರದಲ್ಲಿ ಸಾಮಾನ್ಯವಾಗಿ ಬಣ್ಣ ಬರುವುದಿಲ್ಲ.

ಸ್ಕ್ಲೀರೋಷಿಯಂ ಜೊತೆ ಇದನ್ನು ಬೆರೆಸಬೇಡಿ. ಅರ್ಗಟ್ ಎಂಬ ಶಿಲೀಂಧ್ರ ರೋಗ ಬಂದ ಸಜ್ಜೆಯ ತೆನೆಯಲ್ಲಿ ಕಾಳಿನ ಜಾಗದಲ್ಲಿ ಬೆಳೆಯುವ ಕಪ್ಪು ಗಟ್ಟಿ ತುಂಡು ಸ್ಕ್ಲೀರೋಷಿಯಂ, ಸುಪ್ತವಾಗಿ ಕಾಯುವ ಹಂತ. ಅದು ಮೊಳೆತಾಗ ಏಳುವ ಪುಟ್ಟ ಕಡ್ಡಿಯ ತಲೆ ಸ್ಟ್ರೋಮಾ.

ಕನ್ನಡದಲ್ಲಿ ಏನು ಬರೆಯಬೇಕು?

ಅಂಗಗಳ ವಿಷಯದಲ್ಲಿ ‘ಆಧಾರ ಹಂದರ’ ಸಾಕು. ಕ್ಲೋರೋಪ್ಲಾಸ್ಟ್ ಮತ್ತು ಶಿಲೀಂಧ್ರದಲ್ಲಿ ಸ್ಟ್ರೋಮಾ ಎಂದೇ ಉಳಿಸಿ ಮೊದಲ ಸಲ ವಿವರಿಸುವುದು ಲೇಸು. ಇನ್ನು ‘ಸಸ್ಯದ ಆಧಾರ ಅಂಗಾಂಶ ಯಾವುದು’ ಎಂಬ ಪ್ರಶ್ನೆಗೆ ಸ್ಟ್ರೋಮಾ ಎಂದು ಬರೆದರೆ ತಪ್ಪು. ಅಲ್ಲಿ ಉತ್ತರ ಕೋಲೆಂಕೈಮ ಮತ್ತು ಸ್ಕ್ಲೀರೆಂಕೈಮ. ಪೇರೆಂಕೈಮ ಕೂಡ ಸಸ್ಯಶಾಸ್ತ್ರಕ್ಕೆ ಬಂದಾಗ ತೆಳುಗೋಡೆಯ ಸರಳ ಅಂಗಾಂಶವಷ್ಟೇ, ಅದಕ್ಕೆ ಅಲ್ಲಿ ಸ್ಟ್ರೋಮಾ ಎಂಬ ಜೊತೆಗಾರ ಇಲ್ಲ.