ವೆನಿಸ್ಸಿನ ಗೋಡೆಗೆ ಮಾರ್ಮೊರಿನೊ ಗಾರೆ: ನನ್ನ ಅನುಭವ

ವೆನಿಸ್ಸಿನ ಹಳೆಯ ಮನೆಯೊಂದರ ನೆಲಮಹಡಿಯ ಕೋಣೆಗೆ ಮಾರ್ಮೊರಿನೊ, ಅಂದರೆ ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿ ಹೊಳಪು ಬರಿಸುವ ಗಾರೆ ಮಾಡುವ ಕೆಲಸವನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಪರೀಕ್ಷಿಸಿದ್ದು ಇಟ್ಟಿಗೆಯ ತೇವವನ್ನು. ಆ ಊರಿನ ಗೋಡೆಗಳು ಉಪ್ಪುನೀರನ್ನು ಬುಡದಿಂದ ಮೇಲಕ್ಕೆ ಹೀರುತ್ತವೆ; ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಗಿಲಾವನ್ನು ಒಳಗಿನಿಂದಲೇ ಒಡೆಯುತ್ತದೆ. ಹಿಂದೆ ಬಳಿದಿದ್ದ ಸಿಮೆಂಟು ಆ ತೇವಕ್ಕೆ ಹೊರದಾರಿ ಕೊಡದೆ ಅದನ್ನು ಇನ್ನೂ ಮೇಲಕ್ಕೆ ಅಟ್ಟಿತ್ತು. ಅದನ್ನೆಲ್ಲ ಕೆತ್ತಿ, ಇಟ್ಟಿಗೆಯ ಸಂದುಗಳನ್ನು ಕೆದಕಿ, ಉಪ್ಪನ್ನು ಒಣ ಕುಂಚದಿಂದ ಉದುರಿಸಿದೆ.

ತಳಪದರಕ್ಕೆ ಸುಣ್ಣದೊಡನೆ ಮರಳನ್ನೂ ಕುಟ್ಟಿದ ಇಟ್ಟಿಗೆ, ಹೆಂಚುಗಳ ಚೂರನ್ನೂ ಬೆರೆಸಿದೆ. ಇಟಲಿಯವರು ಕೊಚ್ಚೊಪೆಸ್ತೊ ಎನ್ನುವ ಈ ಮಿಶ್ರಣ, ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯನ್ನು ಬಲ್ಲವರಿಗೆ ಅಪರಿಚಿತವೇನಲ್ಲ. ಸುಟ್ಟ ಜೇಡಿಮಣ್ಣು ಸುಣ್ಣದೊಡನೆ ಕೂಡಿ ತೇವದಲ್ಲಿಯೂ ಗಟ್ಟಿಯಾಗುತ್ತದೆ, ಆದರೂ ಆವಿಯನ್ನು ಹೊರಬಿಡುತ್ತದೆ. ಈ ಪದರವನ್ನು ಒರಟಾಗಿಯೇ ಬಿಟ್ಟೆ, ಏಕೆಂದರೆ ನುಣುಪಾದ ತಳವನ್ನು ಮೇಲಿನ ಗಾರೆ ಹಿಡಿಯುವುದಿಲ್ಲ.

ಮೇಲಿನ ಪದರಗಳಿಗೆ ಬೇಕಾದದ್ದು ಗ್ರಾಸೆಲ್ಲೊ, ಅಂದರೆ ಅರಳಿಸಿ ನೀರಿನಡಿಯಲ್ಲಿ ಬಹುಕಾಲ ಕೊಳೆಯಲು ಬಿಟ್ಟ ಸುಣ್ಣದ ಮುದ್ದೆ. ಹಳೆಯದಾದಷ್ಟೂ ಅದರ ಕಣಗಳು ಸಣ್ಣದಾಗಿ, ಮುದ್ದೆ ಬೆಣ್ಣೆಯಂತೆ ಕರಣೆಗೆ ಒಗ್ಗುತ್ತದೆ. ಮೊದಲ ಪದರದಲ್ಲಿ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಅಮೃತಶಿಲೆಯ ದಪ್ಪ ಪುಡಿ ಬೆರೆಸಿದೆ. ಮುಂದಿನ ಪದರಗಳಲ್ಲಿ ಪುಡಿಯನ್ನು ನುಣುಪಾಗಿಸುತ್ತ, ಸುಣ್ಣದ ಪಾಲನ್ನು ಹೆಚ್ಚಿಸುತ್ತ ಹೋದೆ. ದಪ್ಪದಿಂದ ನುಣುಪಿಗೆ ಸಾಗುವ ಈ ಕ್ರಮವನ್ನು ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಏಳನೆಯ ಸಂಪುಟದಲ್ಲಿಯೇ ಬರೆದಿಟ್ಟಿದ್ದಾನೆ. ಬಣ್ಣಕ್ಕೆ ಸಿಯೆನಾದ ಕಾವಿಮಣ್ಣನ್ನು ಆರಿಸಿದೆ. ಸುಣ್ಣದ ಕ್ಷಾರವನ್ನು ತಾಳಿಕೊಳ್ಳುವ ಬಣ್ಣಗಳು ಹೆಚ್ಚಾಗಿ ಇಂಥ ಮಣ್ಣು, ಖನಿಜಗಳೇ.

ಹೊಳಪಿನ ಗುಟ್ಟು ಮೇಣದಲ್ಲಿದೆ ಎಂದು ನಂಬುವವರು ಹಲವರು. ಮೇಣವನ್ನು ನಾನು ಬಳಸಲೇ ಇಲ್ಲ. ಕೊನೆಯ ಪದರ ಬೆರಳಿಗೆ ಅಂಟದೆ, ಆದರೆ ಒತ್ತಿದರೆ ಇನ್ನೂ ತಂಪಾಗಿರುವ ಹೊತ್ತಿನಲ್ಲಿ, ಅಂಚುಗಳನ್ನು ದುಂಡಗೆ ಉಜ್ಜಿದ ಉಕ್ಕಿನ ಕರಣೆಯನ್ನು ತುಸು ಓರೆಯಾಗಿ ಹಿಡಿದು ಬಲವಾಗಿ ಎಳೆಯಬೇಕು. ಆಗ ಸುಣ್ಣದ ನುಣುಪು ಕಣಗಳು ಮೇಲಕ್ಕೆ ಬಂದು ಒಂದರ ಪಕ್ಕ ಒಂದು ಮಲಗಿ ಬೆಳಕನ್ನು ಹಿಂತಿರುಗಿಸುತ್ತವೆ. ಬೇಗ ಒತ್ತಿದರೆ ಗಾರೆ ಕಿತ್ತು ಬರುತ್ತದೆ, ತಡವಾದರೆ ಉಕ್ಕು ಕಪ್ಪು ಗೀರು ಬಿಡುತ್ತದೆ. ಗಾಳಿ, ಬಿಸಿಲು, ಗೋಡೆಯ ಹೀರುವಿಕೆ ಇವುಗಳಿಗೆ ತಕ್ಕಂತೆ ಆ ಹೊತ್ತು ಬದಲಾಗುವುದರಿಂದ ಗಡಿಯಾರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗೋಡೆಯ ಒಂದು ಮಗ್ಗುಲನ್ನು ಆರಂಭಿಸಿದ ಮೇಲೆ ಮೂಲೆ ಮುಟ್ಟುವವರೆಗೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದ ಕಡೆ ಗೆರೆ ಉಳಿಯುತ್ತದೆ.

ಕೊನೆಗೆ ಆಲಿವ್ ಎಣ್ಣೆಯ ಸಾಬೂನನ್ನು ನೀರಿನಲ್ಲಿ ಕರಗಿಸಿ ತೆಳುವಾಗಿ ಸವರಿದೆ. ಸಾಬೂನು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಪೊರೆಯಾಗುತ್ತದೆ. ಡಬ್ಬಿಗಳಲ್ಲಿ ಮಾರುವ ಅಕ್ರಿಲಿಕ್ ಬೆರೆತ 'ವೆನಿಸ್ ಗಾರೆ'ಯಿಂದಲೂ ಹೊಳಪು ಬರುತ್ತದೆ, ಒಣ ಗೋಡೆಗೆ ಅದು ಸಾಕು. ತೇವದ ಗೋಡೆಗೆ ನಾನು ಅದನ್ನು ಬಳಸಲಾರೆ.

ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಮನೆಯವರಿಗೆ ಪೀಠೋಪಕರಣಗಳನ್ನು ಗೋಡೆಗೆ ಒರಗಿಸದಂತೆಯೂ, ಒರೆಸುವಾಗ ವಿನೆಗರಾಗಲಿ ಬೇರೆ ಯಾವುದೇ ಆಮ್ಲವಾಗಲಿ ತಾಗದಂತೆ ನೋಡಿಕೊಳ್ಳುವಂತೆಯೂ ಹೇಳಿ ಬಂದೆ.