ಸ್ವಿಚ್, ರೌಟರ್ ಕಾನ್ಫಿಗ್ ಬ್ಯಾಕಪ್ಪಿಗೆ ಯಾವ ಓಪನ್ ಸೋರ್ಸ್ ಟೂಲ್ ಹಾಕೋದು?

ಟೂಲ್ ಹುಡುಕೋ ಮುಂಚೆ ನಿಮ್ಮ ನೆಟ್‌ವರ್ಕಲ್ಲಿ ಯಾವ ಕಂಪನಿ, ಯಾವ ಮಾಡೆಲ್, ಯಾವ ಓಎಸ್ ಇದೆ ಅಂತ ಒಂದು ಪಟ್ಟಿ ಬರ್ಕೊಳ್ಳಿ. ಸಿಸ್ಕೋ, ಜೂನಿಪರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅವು ಎಲ್ಲಾ ಕಡೆ ನಡೆಯತ್ತೆ, ಮೂಲೇಲಿ ಯಾರೂ ಮುಟ್ಟದೇ ಕೂತಿರೋ ಹಳೇ ಸ್ವಿಚ್ ಇರತ್ತಲ್ಲ, ಕೈ ಕೊಡೋದು ಅದೇ. ಟೆಸ್ಟಿಂಗ್ ಅದರಿಂದ್ಲೇ ಶುರು ಮಾಡಿ.

ರ‍್ಯಾನ್ಸಿಡ್ ಹಳೇ ಹುಲಿ. ಪರ್ಲ್, ಎಕ್ಸ್‌ಪೆಕ್ಟಲ್ಲಿ ಬರ್ದಿರೋದು, ಕ್ರಾನಲ್ಲಿ (ಹೇಳಿದ ಟೈಮಿಗೆ ಕೆಲ್ಸ ಓಡ್ಸೋ ಶೆಡ್ಯೂಲರ್) ಹಾಕಿಬಿಟ್ರೆ ಏನೇನು ಬದ್ಲಾಗಿದೆ ಅಂತ ಡಿಫ್ ತೆಗೆದು ಮೇಲ್ ಕಳ್ಸತ್ತೆ, ಅಷ್ಟೇ ಅದರ ಕೆಲ್ಸ. ಅದರ ಬದ್ಲಿಗೆ ಅಂತಲೇ ರೂಬೀಲಿ ಬಂದಿದ್ದು ಆಕ್ಸಿಡೈಸ್ಡ್: ಸುಮ್ನೆ ಬಿಟ್ರೆ 3600 ಸೆಕೆಂಡಿಗೊಂದ್ಸಲ ಕಾನ್ಫಿಗ್ ಎಳ್ಕೊಳತ್ತೆ, ಸೆಟ್ ಮಾಡಿದ್ರೆ ಗಿಟ್ಟಿಗೆ (ಹಳೇ ವರ್ಷನ್‌ಗಳನ್ನೆಲ್ಲಾ ಇಟ್ಕೊಳೋ ಟೂಲ್) ಹಾಕತ್ತೆ, ವೆಬ್ ಪೇಜಿದೆ, ಲಿಬ್ರೆಎನ್‌ಎಂಎಸ್ ಅನ್ನೋ ಮಾನಿಟರಿಂಗ್ ಟೂಲ್ ಇದ್ರೆ ಡಿವೈಸ್ ಲಿಸ್ಟನ್ನ ಅಲ್ಲಿಂದ್ಲೇ ತಗೊಳತ್ತೆ. ಹೊಸದಾಗಿ ಶುರು ಮಾಡೋರಿಗೆ ನಾನು ಇದನ್ನೇ ಹೇಳೋದು. ಆನ್ಸಿಬಲ್ ಅನ್ನೋ ಆಟೊಮೇಷನ್ ಟೂಲ್ ಈಗಾಗ್ಲೇ ಓಡ್ತಿದ್ರೆ ಅದರಲ್ಲೂ ಬ್ಯಾಕಪ್ ತೆಗೀಬಹುದು, ಆದ್ರೆ ಶೆಡ್ಯೂಲು, ಹಳೇ ವರ್ಷನ್ ಇಡೋದು ಎಲ್ಲಾ ನೀವೇ ನೋಡ್ಕೋಬೇಕು.

ಪಾಸ್‌ವರ್ಡ್ ವಿಷ್ಯ ಇಲ್ಲಿ ದೊಡ್ಡದು, ಯಾಕಂದ್ರೆ ಈ ಬ್ಯಾಕಪ್ ಸರ್ವರ್ ಒಂದು ಬೇರೆಯವ್ರ ಕೈಗೆ ಹೋದ್ರೆ ಎಲ್ಲಾ ಡಿವೈಸಿನ ಬೀಗದ ಕೈ ಕೊಟ್ಟಂಗೆ. ಬ್ಯಾಕಪ್ಪಿಗೇ ಅಂತ ಬೇರೆ ಯೂಸರ್ ಮಾಡಿ, ಟ್ಯಾಕಾಕ್ಸ್ (ಯಾರು ಯಾವ ಕಮ್ಯಾಂಡ್ ಹೊಡೀಬಹುದು ಅಂತ ನೋಡ್ಕೊಳೋ ಲಾಗಿನ್ ಸರ್ವರ್) ಇದ್ರೆ ಆ ಯೂಸರಿಗೆ ಶೋ ಕಮ್ಯಾಂಡ್ (ಬರೀ ನೋಡೋದು) ಮಾತ್ರ ಬಿಡಿ. ಆಕ್ಸಿಡೈಸ್ಡ್ ವೆಬ್ ಪೇಜಿಗೆ ಸ್ವಂತ ಲಾಗಿನ್ ಇಲ್ಲ, ಮುಂದೆ ಲಾಗಿನ್ ಕೇಳೋ ಒಂದು ರಿವರ್ಸ್ ಪ್ರಾಕ್ಸಿ (ನಡುವೆ ನಿಲ್ಲೋ ವೆಬ್ ಸರ್ವರ್) ಇಡ್ಲೇಬೇಕು. ಕಾನ್ಫಿಗಲ್ಲಿರೋ ಸೀಕ್ರೆಟ್‌ಗಳನ್ನ ಅಳ್ಸಿ ಸೇವ್ ಮಾಡೋ ಆಪ್ಷನ್ ಇದೆ, ಆದ್ರೆ ಆಮೇಲೆ ರಿಸ್ಟೋರ್ ಮಾಡೋವಾಗ ಅವನ್ನ ಬೇರೆ ಕಡೆಯಿಂದ ತಂದು ತುಂಬಬೇಕಾಗತ್ತೆ, ಎಲ್ಲಿಂದ ತರ್ತೀರ ಅಂತ ಮೊದ್ಲೇ ಯೋಚ್ನೆ ಮಾಡಿ.

ಇನ್ನೊಂದು, ಗಿಟ್ಟಲ್ಲಿ ಒಂದು ಡಿವೈಸಿನ ಕಮಿಟ್ (ಬದ್ಲಾವಣೆಯ ಎಂಟ್ರಿ) ತಿಂಗಳಿಂದ ಬಂದಿಲ್ಲ ಅಂದ್ರೆ ಕಾನ್ಫಿಗ್ ಬದ್ಲಾಗಿಲ್ವೋ ಅಥವಾ ಲಾಗಿನ್ನೇ ಆಗ್ತಿಲ್ವೋ, ಗಿಟ್ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ಫೇಲ್ ಆದಾಗ ಅಲರ್ಟ್ ಬರೋ ಹಾಗೆ ಹುಕ್ ಹಾಕಿ. ಉಲ್ಟಾ ಕೇಸೂ ಇದೆ, ಅಪ್‌ಟೈಮ್, ಟೈಮ್‌ಸ್ಟ್ಯಾಂಪ್ ತರದ ಲೈನಿಂದ ಪ್ರತಿ ಸಲ ಡಿಫ್ ಬರ್ತಾ ಇದ್ರೆ ಆ ಮೇಲನ್ನ ಯಾರೂ ಓದಲ್ಲ, ಅಂಥ ಲೈನನ್ನ ಆಕ್ಸಿಡೈಸ್ಡಿನ ಮಾಡೆಲ್ ಫೈಲಲ್ಲೇ (ಆ ತರದ ಡಿವೈಸಿಂದ ಕಾನ್ಫಿಗ್ ಹೇಗೆ ಎಳ್ಕೋಬೇಕು ಅಂತ ಬರ್ದಿರೋ ಫೈಲ್) ಕಿತ್ತಾಕಿ.

ರ‍್ಯಾನ್ಸಿಡ್ಡಾಗ್ಲಿ ಆಕ್ಸಿಡೈಸ್ಡಾಗ್ಲಿ ಕಾನ್ಫಿಗ್ಗನ್ನ ವಾಪಸ್ ಡಿವೈಸಿಗೆ ಹಾಕಿಕೊಡಲ್ಲ. ಅದು ನಿಮ್ಮ ಕೈಯಲ್ಲೇ ಆಗ್ಬೇಕು, ಸ್ಪೇರ್ ಸ್ವಿಚ್ ಒಂದಿದ್ರೆ ಈ ವಾರಾನೇ ಅದಕ್ಕೆ ಹಾಕಿ ನೋಡಿ.