ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ನಮ್ಮ ಬೇಡಿಕೆ ಠರಾವಾಗುವಂತೆ ಮಾಡುವುದು ಹೇಗೆ

ಗ್ರಾಮ ಪಂಚಾಯಿತಿಯ ವಿಷಯದಲ್ಲಿ ಐದು ವರ್ಷಕ್ಕೊಮ್ಮೆ ಮತ ಹಾಕಿದರೆ ನಮ್ಮ ಕೆಲಸ ಮುಗಿಯಿತು ಎಂದು ಬಹಳಷ್ಟು ಮಂದಿ ಭಾವಿಸಿದ್ದಾರೆ. ಆದರೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆಯೂ ಗ್ರಾಮ ಸಭೆಯೂ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಲೇಬೇಕು, ಮತ್ತು ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಈ ಸಭೆಗಳ ಸದಸ್ಯರು. ಅಧ್ಯಕ್ಷರ ದಯೆಯಿಂದ ಯಾರೂ ಅಲ್ಲಿಗೆ ಬರಬೇಕಾಗಿಲ್ಲ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ನೇಮಕವಾದ ಕಾಲದಲ್ಲೂ ಮತದಾರರು ಮತದಾರರಾಗಿಯೇ ಇರುತ್ತಾರೆ, ಆದ್ದರಿಂದ ಗ್ರಾಮ ಸಭೆಯೂ ಇರುತ್ತದೆ.

ಹೀಗಿದ್ದರೂ ಸಭೆಯಲ್ಲಿ ಗಂಟಲು ಹರಿಯುವಂತೆ ಮಾತಾಡಿ ಬಂದವರ ಬೇಡಿಕೆ ಎಲ್ಲೂ ದಾಖಲಾಗದೆ ಹೋಗುವುದು ಊರೂರಿನ ಅನುಭವ. ಪಂಚಾಯಿತಿಯಲ್ಲಿ ಹಣ ಹರಿಯುವುದು ಕ್ರಿಯಾ ಯೋಜನೆಯ, ಅಂದರೆ ಆ ವರ್ಷ ಮಾಡಬೇಕಾದ ಕಾಮಗಾರಿಗಳ ಪಟ್ಟಿಯ, ಸಾಲುಗಳ ಮೂಲಕ; ಆ ಸಾಲುಗಳಿಗೆ ಆಧಾರ ಸಭೆಯ ತೀರ್ಮಾನಗಳನ್ನು ಬರೆದಿಡುವ ನಡವಳಿ ಪುಸ್ತಕ. ನಾವು ಪಡುವ ಶ್ರಮವೆಲ್ಲ ಆ ಪುಸ್ತಕದಲ್ಲಿ ನಮ್ಮ ಬೇಡಿಕೆ ಸ್ಪಷ್ಟವಾದ ಒಂದು ಠರಾವಾಗಿ ಬರೆಯಲ್ಪಡುವಂತೆ ಮಾಡುವುದಕ್ಕೆ ಇರಬೇಕು.

ಕೆಲಸ ಶುರುವಾಗಬೇಕಾದದ್ದು ಗ್ರಾಮ ಸಭೆಯ ದಿನಕ್ಕಿಂತ ಬಹಳ ಮೊದಲು, ವಾರ್ಡ್ ಸಭೆಯಲ್ಲಿ. ಬೀದಿ ದೀಪ ಎಲ್ಲಿ ಬೇಕು, ಸಾರ್ವಜನಿಕ ನಲ್ಲಿ ಎಲ್ಲಿರಬೇಕು, ಯಾವ ಕಾಮಗಾರಿ ಮೊದಲು ಆಗಬೇಕು, ಸರ್ಕಾರದ ಯೋಜನೆಗಳಿಗೆ ಯಾರು ಅರ್ಹರು ಎಂಬುದನ್ನೆಲ್ಲ ಸೂಚಿಸುವ ಅಧಿಕಾರವನ್ನು ಕಾಯ್ದೆ ವಾರ್ಡ್ ಸಭೆಗೆ ಕೊಟ್ಟಿದೆ. ವಾರ್ಡಿಗೆ ಸಂಬಂಧಿಸಿದ ತೀರ್ಮಾನವನ್ನು ಪಂಚಾಯಿತಿ ಏಕೆ ತೆಗೆದುಕೊಂಡಿತು ಎಂದು ಕೇಳಿ ತಿಳಿಯುವುದೂ, ಹಿಂದಿನ ಸಭೆಯ ತೀರ್ಮಾನಗಳ ಮೇಲೆ ಏನು ಕ್ರಮವಾಯಿತು ಎಂದು ವರದಿ ಪಡೆಯುವುದೂ ಅದರ ಹಕ್ಕು. ವಾರ್ಡ್ ಸಭೆಯಲ್ಲಿ ಮಂಡನೆಯಾಗದ ಬೇಡಿಕೆಯನ್ನು ನೇರವಾಗಿ ಗ್ರಾಮ ಸಭೆಯಲ್ಲಿ ಎತ್ತಿದರೆ, ‘ಇದು ನಿಮ್ಮ ವಾರ್ಡಿನಿಂದ ಬಂದಿಲ್ಲವಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನೂರಾರು ಜನ ಸೇರುವ ಗ್ರಾಮ ಸಭೆಗಿಂತ ಮೂವತ್ತು ನಲವತ್ತು ಮಂದಿಯ ವಾರ್ಡ್ ಸಭೆಯಲ್ಲಿ ಸಾಮಾನ್ಯರು ಬಾಯಿ ಬಿಡುವುದೂ ಸುಲಭ. ನನ್ನ ಅಭಿಪ್ರಾಯದಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಹೋಗಲು ಸಾಧ್ಯವಿದ್ದರೆ ವಾರ್ಡ್ ಸಭೆಗೇ ಹೋಗಬೇಕು.

ಸಭೆಗೆ ಮುಂಚೆ ಬೀದಿಯ ನಾಲ್ಕಾರು ಮನೆಯವರು ಕೂತು ಬೇಡಿಕೆಯನ್ನು ಬರೆದಿಟ್ಟುಕೊಳ್ಳಬೇಕು. ‘ಚರಂಡಿ ಮಾಡಿಸಿಕೊಡಿ’ ಎಂದಷ್ಟೇ ಹೇಳಿದರೆ ‘ನೋಡೋಣ’ ಎಂಬ ಉತ್ತರದಲ್ಲಿ ಅದು ಮುಗಿದುಹೋಗುತ್ತದೆ. ಅದೇ ಬೇಡಿಕೆಯನ್ನು ಹೀಗೆ ಬರೆಯಬಹುದು: ‘ಅಂಗನವಾಡಿಯ ಪಕ್ಕದ ರಸ್ತೆಯಲ್ಲಿ, ಓವರ್‌ಹೆಡ್ ಟ್ಯಾಂಕಿನಿಂದ ಕೆರೆ ಏರಿಯವರೆಗೆ ಸುಮಾರು 80 ಮೀಟರ್ ಉದ್ದಕ್ಕೆ ಚರಂಡಿ ಇಲ್ಲದೆ ಬಚ್ಚಲ ನೀರು ರಸ್ತೆಯಲ್ಲಿ ನಿಲ್ಲುತ್ತಿದ್ದು, 14 ಮನೆಯವರಿಗೂ ಅಂಗನವಾಡಿಯ ಮಕ್ಕಳಿಗೂ ತೊಂದರೆಯಾಗಿದೆ. ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಈ ಕಾಮಗಾರಿಯನ್ನು ನಮ್ಮ ವಾರ್ಡಿನ ಮೊದಲ ಆದ್ಯತೆಯಾಗಿ ಸೇರಿಸಬೇಕು.’ ಸ್ಥಳ, ಅಳತೆ, ತೊಂದರೆಗೊಳಗಾದವರ ಸಂಖ್ಯೆ, ಸೇರಬೇಕಾದ ಯೋಜನೆ ಎಲ್ಲವೂ ಇದರಲ್ಲಿದ್ದು, ನಡವಳಿ ಬರೆಯುವವರು ಹಾಗೆಯೇ ನಕಲು ಮಾಡಿಕೊಳ್ಳಬಹುದು. ಅಳತೆಯನ್ನು ಹೆಜ್ಜೆ ಎಣಿಸಿ ಅಂದಾಜಿನಲ್ಲಿ ಬರೆದರೂ ಸಾಕು, ಎಂಜಿನಿಯರ್ ಬಂದು ಅಳೆಯುವುದು ಆಮೇಲಿನ ಕೆಲಸ. ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ ಇರಲಿ. ಹತ್ತು ಬೇಡಿಕೆಗಳ ಪಟ್ಟಿ ಕೊಟ್ಟರೆ ತಮಗೆ ಸುಲಭವಾದದ್ದನ್ನು ಆರಿಸಿಕೊಳ್ಳುವ ಅವಕಾಶವನ್ನು ನಾವೇ ಕಚೇರಿಗೆ ಕೊಟ್ಟಂತಾಗುತ್ತದೆ.

ಈ ಅರ್ಜಿಯ ಎರಡು ಪ್ರತಿ ಮಾಡಿ, ಸಭೆಗೆ ಮೊದಲೇ ಪಂಚಾಯಿತಿ ಕಚೇರಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಸಮೇತ ಸ್ವೀಕೃತಿ ಪಡೆಯಬೇಕು. ‘ಕೊಟ್ಟು ಹೋಗಿ, ನೋಡಿಕೊಳ್ಳುತ್ತೇವೆ’ ಎಂದರೆ ವಿನಯದಿಂದಲೇ, ಆದರೆ ಬಿಡದೆ, ಸೀಲು ಕೇಳಬೇಕು. ಸೀಲು ಇಲ್ಲದ ಪ್ರತಿಗೆ ಮುಂದೆ ಬೆಲೆ ಇರುವುದಿಲ್ಲ.

ಇನ್ನು ಹಾಜರಾತಿಯ ಮಾತು. ವಾರ್ಡ್ ಸಭೆಗೆ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಈ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಮಾತ್ರ ಕೋರಂ ಆದಂತೆ. ಬಂದವರಲ್ಲಿ ಕನಿಷ್ಠ ಶೇ. 30ರಷ್ಟು ಮಹಿಳೆಯರಿರಬೇಕೆಂದೂ ಕಾಯ್ದೆ ಹೇಳುತ್ತದೆ. ಕೋರಂ ಆಗದಿದ್ದಾಗ ಕೆಲವೆಡೆ ಹಾಜರಾತಿ ಪುಸ್ತಕ ಮನೆ ಬಾಗಿಲಿಗೆ ಬರುತ್ತದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳು ಕೈ ಒರೆಸಿಕೊಂಡು ಬಂದು, ಏನೆಂದು ಕೇಳದೆಯೇ ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾಳೆ. ಅಲ್ಲಿಗೆ ಆಕೆ ಸಭೆಗೆ ಹಾಜರಾಗಿ, ಕೇಳಿರದ ಠರಾವುಗಳಿಗೆಲ್ಲ ಒಪ್ಪಿಗೆ ಕೊಟ್ಟಂತೆ ದಾಖಲಾಗುತ್ತದೆ. ಇದು ಜನರ ಅಧಿಕಾರವನ್ನು ಸದ್ದಿಲ್ಲದೆ ಕಸಿದುಕೊಳ್ಳುವ ಕೆಲಸ. ಸಭೆಗೆ ಹೋಗದವರು ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಬಾರದು ಎಂಬುದನ್ನು ಸ್ತ್ರೀಶಕ್ತಿ ಸಂಘಗಳ ವಾರದ ಸಭೆಗಳಲ್ಲಿ, ಹಾಲಿನ ಡೇರಿಯ ಮುಂದೆ, ಜನ ಸೇರುವ ಕಡೆಯೆಲ್ಲ ಹೇಳಬೇಕು. ಸಭೆಗೆ ಬಂದವರು ಖಾಲಿ ಹಾಳೆಗೆ ಸಹಿ ಹಾಕದೆ, ದಿನಾಂಕವೂ ಸಭೆಯ ಹೆಸರೂ ಮೇಲೆ ಬರೆದಿದೆಯೇ ಎಂದು ನೋಡಿ ಹಾಕಬೇಕು.

ಜನ ಬಾರದಿರುವುದಕ್ಕೆ ಅಸಡ್ಡೆಯನ್ನೇ ಕಾರಣ ಮಾಡುವುದು ನ್ಯಾಯವಲ್ಲ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವವರು ಒಂದು ದಿನದ ದುಡಿಮೆ ಬಿಟ್ಟು ಬರಬೇಕಾಗುತ್ತದೆ. ಯಾರೋ ದೊಡ್ಡವರ ಮನೆಯಂಗಳದಲ್ಲೋ ದೇವಸ್ಥಾನದ ಜಗಲಿಯಲ್ಲೋ ಸಭೆ ನಡೆದರೆ ದಲಿತ ಕೇರಿಯವರು ದೂರದಲ್ಲೇ ನಿಂತುಬಿಡುತ್ತಾರೆ. ಸಭೆಯನ್ನು ಶಾಲೆಯಲ್ಲೋ ಅಂಗನವಾಡಿಯಲ್ಲೋ ಸಮುದಾಯ ಭವನದಲ್ಲೋ, ಕೆಲಸದ ಹೊತ್ತು ಮುಗಿದ ಮೇಲೆ ನಡೆಸಬೇಕೆಂದು ವಾರ್ಡಿನ ಸದಸ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಡಂಗುರವೋ ಆಟೋ ಮೈಕೋ ಕೇರಿಯ ಒಳಗೂ ಬಂತೇ ಎಂದು ವಿಚಾರಿಸಿಕೊಳ್ಳಬೇಕು. ಗ್ರಾಮ ಸಭೆಗೆ ಮುಂಚೆ ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆ ನಡೆಸುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಗಂಡಸರ ಎದುರು ಎತ್ತಲಾಗದ ಶೌಚಾಲಯ, ಕುಡಿಯುವ ನೀರು, ಸಾರಾಯಿ ಹಾವಳಿಯ ವಿಷಯಗಳು ಅಲ್ಲಿ ಹೊರಬರಲು ಅವಕಾಶವಿರುವುದರಿಂದ ಅದನ್ನು ಕಾಟಾಚಾರಕ್ಕೆ ಬಿಡಬಾರದು.

ಸಭೆಯ ದಿನ ಮೊದಲು ಕೇಳಬೇಕಾದದ್ದು ಹಿಂದಿನ ಸಭೆಯ ನಡವಳಿಯನ್ನೂ, ಅದರ ಮೇಲೆ ಏನು ಕ್ರಮವಾಯಿತು ಎಂದು ತಿಳಿಸುವ ಅನುಪಾಲನಾ ವರದಿಯನ್ನೂ ಓದಿ ಹೇಳಿ ಎಂದು. ಅನೇಕ ಸಭೆಗಳು ಸ್ವಾಗತ, ಹೂಗುಚ್ಛ, ಇಲಾಖೆಗಳ ಪರಿಚಯ ಭಾಷಣಗಳಲ್ಲಿ ಅರ್ಧ ಹೊತ್ತು ಕಳೆಯುತ್ತವೆ. ವರದಿ ಓದಿದ ಮೇಲೆಯೇ ಉಳಿದದ್ದು ಎಂದು ನಾಲ್ಕು ಮಂದಿ ಒಟ್ಟಿಗೆ ಎದ್ದು ಹೇಳಿದರೆ ಸಭೆಯ ದಿಕ್ಕೇ ಬದಲಾಗುತ್ತದೆ. ನಂತರ ನಮ್ಮ ಬೇಡಿಕೆಯನ್ನು ಓದುವ ಹೊಣೆ ಒಬ್ಬರದಾಗಿರಲಿ, ಅನುಮೋದಿಸುವವರು ಬೇರೆ ಬೇರೆ ಮನೆಯವರಾಗಿರಲಿ. ಜಗಳ ಎದ್ದರೆ ಸಭೆ ಮುಂದೂಡಲು ಅದೇ ನೆಪವಾಗುವುದರಿಂದ, ಹಳೆಯ ವೈಮನಸ್ಯಗಳನ್ನು ಅಲ್ಲಿಗೆ ತರಬಾರದು. ವಸತಿ ಫಲಾನುಭವಿಗಳ ಆಯ್ಕೆ ಇದ್ದರೆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಬೇಕು, ಆಕ್ಷೇಪ ಬಂದದ್ದನ್ನೂ ಬರೆಸಬೇಕು. ‘ಪಟ್ಟಿ ಆಮೇಲೆ ಅಂತಿಮ ಮಾಡುತ್ತೇವೆ’ ಎಂಬ ಮಾತಿಗೆ ಒಪ್ಪಕೂಡದು.

ಸಭೆ ಮುಗಿಯುವ ಮುನ್ನ, ಸಭೆಯ ಮೇಲ್ವಿಚಾರಣೆಗೆ ನೇಮಕವಾದ ನೋಡಲ್ ಅಧಿಕಾರಿ ಇನ್ನೂ ವೇದಿಕೆಯ ಮೇಲಿರುವಾಗಲೇ, ನಡವಳಿಯನ್ನು ಓದಿ ಹೇಳುವಂತೆ ಕೇಳಬೇಕು. ‘ಚರ್ಚಿಸಲಾಯಿತು’ ಎಂದು ಬರೆದಿದ್ದರೆ ಅದು ತೀರ್ಮಾನವಲ್ಲ. ‘ಸೇರಿಸಲು ತೀರ್ಮಾನಿಸಲಾಯಿತು’ ಎಂದು ತಿದ್ದಿಸಬೇಕು. ಬೇಡಿಕೆಯನ್ನು ತಿರಸ್ಕರಿಸಿದ್ದರೆ ಅದರ ಕಾರಣವನ್ನೂ ಬರೆಸಬೇಕು, ಏಕೆಂದರೆ ಮುಂದಿನ ಬಾರಿ ಉತ್ತರಿಸಬೇಕಾಗಿರುವುದು ಆ ಕಾರಣಕ್ಕೇ. ಪುಟದ ಫೋಟೊ ತೆಗೆದುಕೊಳ್ಳಲು ಅನುಮತಿ ಕೇಳಿ. ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ.

ನಡವಳಿಯ ಪ್ರತಿ ಕೊಡಲು ಹಿಂದೇಟು ಹಾಕಿದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕಾದ್ದರಿಂದ, ‘ಇಂಥ ದಿನಾಂಕದ ಗ್ರಾಮ ಸಭೆಯ ನಡವಳಿ ಮತ್ತು ಹಾಜರಾತಿಯ ದೃಢೀಕೃತ ನಕಲು’ ಎಂದಷ್ಟೇ ಕೇಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

ನಡವಳಿಯಲ್ಲಿ ಇದ್ದ ಕಾಮಗಾರಿ ಕ್ರಿಯಾ ಯೋಜನೆಯಲ್ಲಿ ಇಲ್ಲದಿದ್ದರೆ, ಸೀಲು ಹಾಕಿದ ಅರ್ಜಿ, ನಡವಳಿಯ ನಕಲು ಎರಡನ್ನೂ ಜೋಡಿಸಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆದು ಹಿಂಬರಹ (ಲಿಖಿತ ಉತ್ತರ) ಕೇಳಬೇಕು. ಸಭೆಯನ್ನೇ ಕರೆಯದೆ ಕಾಲ ತಳ್ಳುತ್ತಿದ್ದರೆ, ಮತದಾರರಲ್ಲಿ ಶೇ. 10ರಷ್ಟು ಮಂದಿ ಚರ್ಚಿಸಬೇಕಾದ ವಿಷಯಗಳನ್ನು ನಮೂದಿಸಿ ಸಹಿ ಹಾಕಿ ಕೊಟ್ಟರೆ ವಿಶೇಷ ಗ್ರಾಮ ಸಭೆ ಕರೆಯಲೇಬೇಕು. ಇಂಥ ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳ ಅಂತರ ಇರಬೇಕೆಂಬುದೊಂದೇ ಮಿತಿ. ಸಹಿ ಸಂಗ್ರಹಿಸುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಮತದಾರರ ಪಟ್ಟಿಯ ಕ್ರಮಸಂಖ್ಯೆ ಬರೆದರೆ, ಸಹಿ ಮಾಡಿದವರು ಈ ಊರಿನವರಲ್ಲ ಎಂಬ ತಕರಾರಿಗೆ ಎಡೆ ಇರುವುದಿಲ್ಲ.